ಒತ್ತಡ ಎಲ್ಲಿಗೆ ಹೋಗುತ್ತೆ?

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವೆಲ್ಲ ಮೊದಲು ಕಲಿಯೋ ಸೂತ್ರಗಳಲ್ಲಿ ಒಂದು ರೋ ಜಿ ಎಚ್. ನೀರಿನ ಸಾಂದ್ರತೆ, ಗುರುತ್ವ, ಆಳ ಮೂರನ್ನೂ ಗುಣಿಸಿದರೆ ಒತ್ತಡ ಸಿಗುತ್ತೆ. ಎರಡು ಮಾರ್ಕ್ಸಿನ ಪ್ರಶ್ನೆ, ಬರೆದು ಮುಂದಕ್ಕೆ ಹೋಗ್ತೀವಿ. ಆದರೆ ಆ ಒತ್ತಡವನ್ನು ಕೊನೆಗೆ ಹೊರುವವರು ಯಾರು ಅನ್ನೋದು ಯಾವ ಕ್ವೆಶ್ಚನ್ ಪೇಪರಲ್ಲೂ ಬರಲ್ಲ. ಅದನ್ನು ಕೇಳೋದಕ್ಕೆ ತುಮರಿಗಿಂತ ಒಳ್ಳೆಯ ಜಾಗ ನಮ್ಮ ರಾಜ್ಯದಲ್ಲಿ ಸಿಗೋದು ಕಷ್ಟ.

ತುಮರಿ ಸಾಗರ ತಾಲ್ಲೂಕಿನ ಊರು. ಕಿನ್ನರ ಮೇಳದ ನಾಟಕ ನೋಡಿದವರಿಗೆ ಹೆಸರು ಗೊತ್ತಿರುತ್ತೆ. ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋದವರಂತೂ ಅದರ ಹತ್ತಿರವೇ ಹೋಗಿ ಬಂದಿರ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿ ನಿಂತಾಗ ಎಷ್ಟೋ ಊರುಗಳು ಮುಳುಗಿದವು. ಮುಳುಗದೆ ಉಳಿದ ಕರೂರು, ಬಾರಂಗಿ ಹೋಬಳಿಯ ಊರುಗಳಿಗೆ ಸಾಗರಕ್ಕೆ ಹೋಗೋ ದಾರಿಯೇ ನೀರಿನಡಿ ಹೋಯ್ತು. ಆಮೇಲೆ ಆರು ದಶಕ ಅವರ ರಸ್ತೆ ಅಂದ್ರೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಲಾಂಚ್. ಲಾಂಚ್ ಬೇಡ ಅಂದರೆ ಹೊಸನಗರದ ಕಡೆಯಿಂದ ಎಂಬತ್ತು ಕಿಲೋಮೀಟರಿನಷ್ಟು ಸುತ್ತು.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆ ಆಯ್ತು. ಸುಮಾರು 2.4 ಕಿ.ಮೀ. ಉದ್ದ, ಸುಮಾರು 470 ಕೋಟಿ ರೂಪಾಯಿ ಖರ್ಚು, ಕೇಬಲ್ ಸ್ಟೇಡ್ ಸೇತುವೆ. ರೀಲ್ಸ್ ಎಲ್ಲರೂ ನೋಡಿದ್ದೀವಿ. ಸಂಜೆ ಕೊನೇ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದ್ರೆ ಏನು ಗತಿ ಅಂತ ಹೆದರಿ ಬದುಕಿದ ಜನಕ್ಕೆ ಈ ಸೇತುವೆ ಎಷ್ಟು ದೊಡ್ಡದು ಅಂತ ದಡದ ಈಚೆ ಇರೋ ನಾವು ಹೇಳಬೇಕಿಲ್ಲ. ನಮ್ಮ ಪ್ರಶ್ನೆ ಬೇರೆ. ಅರವತ್ತು ವರ್ಷ ಆ ಲಾಂಚ್ ಮೇಲಿದ್ದ ಒತ್ತಡ ಎಲ್ಲಿಂದ ಬಂದಿತ್ತು? ಈಗ ಅದು ಎಲ್ಲಿಗೆ ಹೋಗುತ್ತೆ?

ಮೊದಲನೆಯದಕ್ಕೆ ಉತ್ತರ ಬೇಸಿಗೆಯಲ್ಲಿ ಸಿಗುತ್ತೆ. ಏಪ್ರಿಲ್, ಮೇ ಬಂತು ಅಂದ್ರೆ ಬೆಂಗಳೂರಲ್ಲಿ ಎಸಿ, ಫ್ಯಾನ್, ಬಯಲುಸೀಮೆಯಲ್ಲಿ ಪಂಪ್‌ಸೆಟ್, ಎಲ್ಲಾ ಒಟ್ಟಿಗೆ ಓಡುತ್ತವೆ. ಕರೆಂಟಿನ ಬೇಡಿಕೆ ಮೇಲೇರುತ್ತೆ. ಕಲ್ಲಿದ್ದಲಿನ ಸ್ಥಾವರವನ್ನು ಬೇಕೆಂದಾಗ ಥಟ್ ಅಂತ ಏರಿಸೋಕೆ ಇಳಿಸೋಕೆ ಆಗಲ್ಲ, ಸೂರ್ಯ ಸಂಜೆ ಮುಳುಗ್ತಾನೆ. ಆಗ ಕೈ ಹಿಡಿಯೋದು ಜಲವಿದ್ಯುತ್. 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಕೆಲವೇ ನಿಮಿಷಗಳಲ್ಲಿ ಗ್ರಿಡ್ಡಿಗೆ ಕರೆಂಟ್ ಕೊಡಬಲ್ಲದು. ಕೊಟ್ಟಷ್ಟೂ ಲಿಂಗನಮಕ್ಕಿಯಲ್ಲಿ ನೀರು ಇಳಿಯುತ್ತೆ. ಪೂರ್ತಿ ತುಂಬಿದಾಗ ಸಮುದ್ರಮಟ್ಟದಿಂದ 1819 ಅಡಿ ಇರೋ ನೀರು ಬೇಸಿಗೆ ಕೊನೆಗೆ ಎಷ್ಟೋ ಅಡಿ ಕೆಳಗೆ ಹೋಗಿರುತ್ತೆ. ದಡ ದೂರ ಸರಿಯುತ್ತೆ, ಮುಳುಗಿದ ಮರದ ಬುಡಗಳು ಮೇಲೇಳುತ್ತವೆ, ಲಾಂಚ್ ದಡಕ್ಕೆ ಹತ್ತಲ್ಲ. 2023ರಲ್ಲಿ ಮಳೆ ತಡವಾದಾಗ ಜೂನ್‌ನಲ್ಲಿ ವಾಹನ ಸಾಗಿಸೋದನ್ನೇ ನಿಲ್ಲಿಸಿ, ಜನರನ್ನು ಮಾತ್ರ ದಾಟಿಸಬೇಕಾಯ್ತು. ಇದೇ ಬೇಸಿಗೆ ರಜೆಯಲ್ಲೇ ಸಿಗಂದೂರಿಗೆ ಭಕ್ತರು ತುಂಬಿ ಬರೋದು.

ಸರಪಳಿ ನೋಡಿ. ರಾಜಧಾನಿಯ ಸೆಕೆ ಗ್ರಿಡ್ಡಿಗೆ ಒತ್ತಡ ಆಯ್ತು. ಗ್ರಿಡ್ಡಿನ ಒತ್ತಡ ಜಲಾಶಯಕ್ಕೆ ಬಂತು, ಜಲಾಶಯದ್ದು ಲಾಂಚಿಗೆ, ಲಾಂಚಿನದು ಅಡಿಕೆ ಮೂಟೆ ಇಟ್ಟುಕೊಂಡು ಕಾಯ್ತಾ ನಿಂತ ತುಮರಿಯವರಿಗೆ. ಎಲ್ಲೂ ಒತ್ತಡ ಕರಗಲಿಲ್ಲ, ಬರೀ ಕೈ ಬದಲಾಯಿಸ್ತು. ಪಾಸ್ಕಲ್ ನಿಯಮದ ಪ್ರಕಾರ ಮುಚ್ಚಿದ ದ್ರವದಲ್ಲಿ ಹೆಚ್ಚಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಕೆ ಆಗುತ್ತೆ. ಜನ ನಡೆಸುವ ವ್ಯವಸ್ಥೆಗಳಲ್ಲಿ ಹಾಗಾಗಲ್ಲ. ಅಲ್ಲಿ ಅದು 'ಆಗಲ್ಲ' ಅಂತ ಹೇಳೋಕೆ ಆಗದವರ ಕಡೆ ಹರಿಯುತ್ತೆ.

ಇನ್ನೊಂದು ವಿಷಯ. ಒತ್ತಡ ಸ್ವಲ್ಪ ಹೆಚ್ಚಿದರೆ ಪರಿಣಾಮವೂ ಸ್ವಲ್ಪವೇ ಹೆಚ್ಚುತ್ತೆ ಅಂತ ನಾವು ಅಂದುಕೊಂಡುಬಿಡ್ತೀವಿ. ಅಣೆಕಟ್ಟಿನ ಲೆಕ್ಕ ಹಾಗಿಲ್ಲ. ನೀರಿನ ಆಳ ಎರಡು ಪಟ್ಟಾದರೆ ತಳದ ಒತ್ತಡ ಎರಡು ಪಟ್ಟು, ಸರಿ. ಆದರೆ ಗೋಡೆಯ ಮೇಲೆ ಬೀಳುವ ಒಟ್ಟು ಬಲ ನಾಲ್ಕು ಪಟ್ಟು, ಗೋಡೆಯನ್ನು ಬುಡದಿಂದ ಉರುಳಿಸಲು ನೋಡುವ ತಿರುಗುಬಲ ಎಂಟು ಪಟ್ಟು. ಅದಕ್ಕೇ ಅಣೆಕಟ್ಟಿನ ಬುಡ ಅಷ್ಟು ದಪ್ಪ.

ಕ್ಯೂ ಕೂಡ ಹೀಗೇ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ 1909ರಷ್ಟು ಹಿಂದೆಯೇ ಇಂಥ ಲೆಕ್ಕಗಳಿಗೆ ಅಡಿಪಾಯ ಹಾಕಿದರು. ಒಂದು ಕೌಂಟರಿದೆ ಅಂದುಕೊಳ್ಳಿ. ಒಬ್ಬರ ಕೆಲಸಕ್ಕೆ ಸರಾಸರಿ ಒಂದು ನಿಮಿಷ ಬೇಕು, ಜನ ಹೇಗೆ ಬೇಕೋ ಹಾಗೆ ಬರ್ತಾರೆ. ಕೌಂಟರ್ ದಿನದ ಅರ್ಧ ಹೊತ್ತು ಮಾತ್ರ ಬಿಜಿ ಇದ್ದರೆ ನೀವು ಸರಾಸರಿ ಎರಡು ನಿಮಿಷದಲ್ಲಿ ಹೊರಬರ್ತೀರಿ. ಶೇ. 80 ಬಿಜಿ ಆದರೆ ಐದು ನಿಮಿಷ, ಶೇ. 90ಕ್ಕೆ ಹತ್ತು, ಶೇ. 95ಕ್ಕೆ ಇಪ್ಪತ್ತು. ಕೊನೆಯ ಐದು ಪರ್ಸೆಂಟಿಗೆ ಕಾಯೋದು ಡಬಲ್! ಶೇ. 100 ಮುಟ್ಟಿದರೆ ಕ್ಯೂಗೆ ಕೊನೆಯೇ ಇಲ್ಲ. ಲಾಂಚ್ ಕೌಂಟರಿನ ಹಾಗೆ ಒಬ್ಬೊಬ್ಬರನ್ನೇ ಕಳಿಸಲ್ಲ ನಿಜ, ಆದರೆ ನೀತಿ ಒಂದೇ. ಮೇ ತಿಂಗಳಲ್ಲಿ ಬರೋ ವಾಹನ ಜಾಸ್ತಿ, ನೀರು ಇಳಿದು ಸಾಗಿಸೋ ಶಕ್ತಿ ಕಡಿಮೆ. ಭಾಗಾಕಾರದಲ್ಲಿ ಮೇಲಿನ ಸಂಖ್ಯೆ ಏರಿ ಕೆಳಗಿನದು ಇಳಿದರೆ ಏನಾಗುತ್ತೆ ಅಂತ ಐದನೇ ಕ್ಲಾಸಿನ ಮಗುವೂ ಹೇಳುತ್ತೆ. ನಮ್ಮ ಮೆಸ್ ಕ್ಯೂ, ರಿಸಲ್ಟ್ ದಿನ ತೆರೆಯದ ವೆಬ್‌ಸೈಟು, ರೆಕಾರ್ಡ್ ಸಬ್ಮಿಶನ್ ಹಿಂದಿನ ದಿನದ ಜೆರಾಕ್ಸ್ ಅಂಗಡಿ, ಎಲ್ಲ ಇದೇ ಗ್ರಾಫಿನ ಮೇಲೆ ಕೂತಿವೆ.

ಹಾಗಾದರೆ ಪೂರ್ತಿ ಬಿಜಿ ಇರೋ ವ್ಯವಸ್ಥೆ ದಕ್ಷ ವ್ಯವಸ್ಥೆ ಅನ್ನೋದು ತಪ್ಪು. ಸ್ವಲ್ಪ ಖಾಲಿ ಇರೋದೇ ಅದರ ಆರೋಗ್ಯ. ಈ ಮಾತನ್ನು ಶರಾವತಿಯಂಥ ವಿದ್ಯುದಾಗಾರಗಳೇ ಚೆನ್ನಾಗಿ ಹೇಳುತ್ತವೆ. ಅಲ್ಲಿ ನೀರು ಟರ್ಬೈನಿಗೆ ಬೀಳೋದು ಸುಮಾರು 440 ಮೀಟರ್ ಎತ್ತರದಿಂದ. ಪೈಪಿನ ಬುಡದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 44 ಕೆಜಿ ಒತ್ತಡ, ಕಾರಿನ ಟಯರಲ್ಲಿರೋದರ ಇಪ್ಪತ್ತು ಪಟ್ಟು. ಇದ್ದಕ್ಕಿದ್ದಂತೆ ಗ್ರಿಡ್ಡಿನಲ್ಲಿ ಲೋಡ್ ಬಿದ್ದುಹೋಗಿ ಟರ್ಬೈನಿನ ಬಾಗಿಲು ಮುಚ್ಚಿದರೆ, ಸುರಂಗದೊಳಗೆ ಓಡಿ ಬರ್ತಿರೋ ನೀರು ಎಲ್ಲಿಗೆ ಹೋಗಬೇಕು? ಜಾಗ ಕೊಡದಿದ್ದರೆ ಪೈಪನ್ನೇ ಸೀಳುತ್ತೆ. ಅದಕ್ಕೆ ಇಂಥ ಯೋಜನೆಗಳಲ್ಲಿ ಸರ್ಜ್ ಟ್ಯಾಂಕ್ ಅಂತ ಎತ್ತರದ ತೊಟ್ಟಿ ಕಟ್ಟಿರ್ತಾರೆ. ನುಗ್ಗಿದ ನೀರು ಅದರೊಳಗೆ ಏರುತ್ತೆ, ಇಳಿಯುತ್ತೆ, ತಣ್ಣಗಾಗುತ್ತೆ. ವರ್ಷದ ಹೆಚ್ಚಿನ ದಿನ ಅದನ್ನು ನೋಡಿದರೆ ದುಡ್ಡು ದಂಡ ಅನಿಸಬಹುದು. ಆದರೆ ಯಾವ ಎಂಜಿನಿಯರೂ ಅದನ್ನು ಉಳಿತಾಯದ ಹೆಸರಲ್ಲಿ ಕೈಬಿಡಲ್ಲ.

ಕಾಂಕ್ರೀಟಿಗೆ ಕೊಡುವ ಈ ಮರ್ಯಾದೆಯನ್ನು ನಾವು ಮನುಷ್ಯರಿಗೆ ಕೊಡಲ್ಲ. ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಹೆಚ್ಚಿಗೆ ಇದ್ದರೆ 'ಸುಮ್ಮನೆ ಕೂತಿದ್ದಾರೆ' ಅಂತೀವಿ. ಡಿಪೋದಲ್ಲಿ ಬಸ್ ಒಂದು ಹೆಚ್ಚಿಗೆ ನಿಂತಿದ್ದರೆ ನಷ್ಟ ಅಂತೀವಿ. ಎಲ್ಲ ಕಿತ್ತು ಹಾಕಿ, ಒತ್ತಡ ಬಂದಾಗ ನಮ್ಮ ರಾಷ್ಟ್ರೀಯ ಸರ್ಜ್ ಟ್ಯಾಂಕ್ ಹೊರಗೆ ತೆಗೀತೀವಿ: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.' ಡ್ರೈವರ್ ಡಬಲ್ ಡ್ಯೂಟಿ ಮಾಡಿ ಅಡ್ಜಸ್ಟ್ ಮಾಡ್ತಾರೆ, ಗುಮಾಸ್ತರು ಊಟ ಬಿಟ್ಟು, ಜನ ಬಿಸಿಲಲ್ಲಿ ನಿಂತು. ಒತ್ತಡದಲ್ಲಿರೋ ಯಾವುದೇ ಸಂಸ್ಥೆ ಮೊದಲು ಕೈಬಿಡೋದು ಕಣ್ಣಿಗೆ ಕಾಣದ ಕೆಲಸವನ್ನು: ಮೇಂಟೆನೆನ್ಸ್, ತರಬೇತಿ, ದಾಖಲೆ. ಒಂದು ಲಾಂಚನ್ನು ರಿಪೇರಿಗೆ ಕಳಿಸಿದರೆ ಇವತ್ತಿನ ಕ್ಯೂ ಬೆಳೆಯುತ್ತೆ, ಕಳಿಸದಿದ್ದರೆ ನಾಳೆ ಅದು ನಡುನೀರಲ್ಲಿ ನಿಲ್ಲುತ್ತೆ. ಇವತ್ತಿನ ಕ್ಯೂ ಎಲ್ಲರಿಗೂ ಕಾಣುತ್ತೆ, ನಾಳೆಯದು ಯಾರಿಗೂ ಕಾಣಲ್ಲ.

ಕಾಣದ ಕಡೆಯೇ ತುಂಡಾಗುತ್ತೆ ಅನ್ನೋದಕ್ಕೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು ಸಾಕ್ಷಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯ್ತು. 33 ಗೇಟುಗಳಲ್ಲಿ ಉಳಿದ 32 ತಮ್ಮ ಜಾಗದಲ್ಲೇ ಇದ್ದವು, ಎಪ್ಪತ್ತು ವರ್ಷದ ಗೋಡೆಗೆ ಏನೂ ಆಗಿರಲಿಲ್ಲ. ಆದರೂ ಜಲಾಶಯ ನೆಚ್ಚಿದ ರೈತರ ನಿದ್ದೆ ಕೆಡೋಕೆ ಒಂದು ಚೈನ್ ಸಾಕಾಯ್ತು. ಸರಿಪಡಿಸಿದ ರೀತಿಯಲ್ಲೂ ಪಾಠ ಇದೆ. ಒಡೆದ ಗೇಟಿನ ಮೇಲಿನ ಭಾರ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಆಮೇಲೆ ಗೇಟು ತಜ್ಞ ಕನ್ಹಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ ಒಂದೇ ವಾರದಲ್ಲಿ ಮುಚ್ಚಿದರು. ಒಂದರ ಒತ್ತಡವನ್ನು ಎಲ್ಲವೂ ಹಂಚಿಕೊಂಡವು. ಅಣೆಕಟ್ಟಿಗೆ ನಾವು ಮಾಡಬಲ್ಲದ್ದನ್ನು ಆಸ್ಪತ್ರೆಗೆ, ಬಸ್ಸಿಗೆ, ಪಂಚಾಯ್ತಿಗೆ ಯಾಕೆ ಮಾಡಲ್ಲ?

ಈಗ ಎರಡನೇ ಪ್ರಶ್ನೆ. ಸೇತುವೆ ಆಯ್ತು, ಒತ್ತಡ ಎಲ್ಲಿಗೆ ಹೋಗುತ್ತೆ? ಲಾಂಚ್ ಒಂದು ರೀತಿ ಗೇಟಾಗಿತ್ತು. ದಿನಕ್ಕೆ ಇಷ್ಟೇ ವಾಹನ ಅಂತ ತಾನೇ ಮಿತಿ ಹಾಕ್ತಿತ್ತು. ಸೇತುವೆಗೆ ಆ ಮಿತಿ ಇಲ್ಲ. ವೀಕೆಂಡಿನಲ್ಲಿ ಬೆಂಗಳೂರಿಂದ ಬರೋ ಕಾರು ಬಸ್ಸುಗಳು ಎರಡೂವರೆ ಕಿಲೋಮೀಟರನ್ನು ಕೆಲವೇ ನಿಮಿಷದಲ್ಲಿ ದಾಟಿ ಮಲೆನಾಡಿನ ಕಿರಿದಾದ ರಸ್ತೆಗೆ ಇಳಿಯುತ್ತವೆ. ಪಾರ್ಕಿಂಗ್, ಕಸ, ಕುಡಿಯೋ ನೀರು, ಶೌಚಾಲಯ, ಅಪಘಾತ ಆದರೆ ಆಂಬುಲೆನ್ಸ್, ಎಲ್ಲದರ ಭಾರ ಸಣ್ಣ ಗ್ರಾಮ ಪಂಚಾಯ್ತಿಗಳ ತಲೆ ಮೇಲೆ. ಬಾಟಲ್‌ನೆಕ್ ಒಂದನ್ನು ತೆಗೆದರೆ ಮುಂದಿನದು ಬಾಟಲ್‌ನೆಕ್ ಆಗುತ್ತೆ ಅಂತ ಮ್ಯಾನುಫ್ಯಾಕ್ಚರಿಂಗ್ ಓದೋರಿಗೆ ಗೊತ್ತು.

ಇನ್ನೊಂದು ಅಪಾಯ, 'ಸೇತುವೆ ಕೊಟ್ಟಾಯ್ತಲ್ಲ' ಅನ್ನೋ ಮಾತು. ಸೇತುವೆ ಬಂದದ್ದು ಒಂದು ಕಡೆ. ಹಿನ್ನೀರಿನಲ್ಲಿ ಹಸಿರುಮಕ್ಕಿ, ಮುಪ್ಪಾನೆ ಕಡೆಯ ಲಾಂಚುಗಳನ್ನು ನಂಬಿದವರೂ ಇದ್ದಾರೆ. ಸೇತುವೆ ಹೆಸರಲ್ಲಿ ಅಲ್ಲಿಯ ಸೇವೆ ಸಡಿಲ ಆಗಬಾರದು. ರಾತ್ರಿ ಸಾಗರಕ್ಕೆ ದಾರಿ ಇದೆ ಅಂದ ಮಾತ್ರಕ್ಕೆ ತುಮರಿ ಭಾಗಕ್ಕೆ ಡಾಕ್ಟರ್ ಬೇಡ ಅಂತಲೂ ಆಗಬಾರದು. ಸ್ವಂತ ಕಾರಿಲ್ಲದವರಿಗೆ ಸೇತುವೆ ಅಂದ್ರೆ ಅದರ ಮೇಲೆ ಓಡೋ ಸರ್ಕಾರಿ ಬಸ್ಸು. ಬಸ್ಸಿಲ್ಲದ ಸೇತುವೆ ಅವರ ಪಾಲಿಗೆ ಬರೀ ನೋಡೋ ವಸ್ತು.

ಗ್ರಿಡ್ಡಿನ ಒತ್ತಡವೂ ಮತ್ತೆ ಅದೇ ಕಣಿವೆಗೆ ಬರ್ತಿದೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಇದೆ. ಕರೆಂಟ್ ಹೆಚ್ಚಿದ್ದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋದು. ಎಂಜಿನಿಯರಿಂಗ್ ದೃಷ್ಟಿಯಿಂದ ಜಾಣ ಐಡಿಯಾ, ಒಂದು ರೀತಿ ಗ್ರಿಡ್ಡಿನ ಸರ್ಜ್ ಟ್ಯಾಂಕೇ. ಆದರೆ ಅದು ಹಾದುಹೋಗೋದು ಸಿಂಗಳೀಕಗಳ ಅಭಯಾರಣ್ಯದ ಕಾಡಿನಲ್ಲಿ. ಒಮ್ಮೆ ಮುಳುಗಿದ ನೆನಪಿರೋ ಜನ ಅದನ್ನು ವಿರೋಧಿಸ್ತಿದ್ದಾರೆ. ಅವರನ್ನು 'ಅಭಿವೃದ್ಧಿ ವಿರೋಧಿಗಳು' ಅನ್ನೋ ಮೊದಲು ನಾವು ಒಂದು ಲೆಕ್ಕ ಕೇಳಬೇಕು: ನಗರದ ಬೇಡಿಕೆಯನ್ನು ನಗರದಲ್ಲೇ ತಗ್ಗಿಸೋಕೆ, ಅಲ್ಲೇ ಬ್ಯಾಟರಿಯಲ್ಲಿ ಕೂಡಿಡೋಕೆ ಎಷ್ಟು ಪ್ರಯತ್ನ ಆಗಿದೆ?

ನಾಳೆ ನಮ್ಮಲ್ಲಿ ಯಾರೋ ಸಾಫ್ಟ್‌ವೇರ್ ಬರೀತಾರೆ, ಯಾರೋ ರಸ್ತೆ ಮಾಡ್ತಾರೆ, ಯಾರೋ ಕೆಪಿಸಿಎಲ್ ಸೇರ್ತಾರೆ. ಯಾವ ಡಿಸೈನ್ ಮಾಡಿದರೂ ಮೂರು ಪ್ರಶ್ನೆ ಕೇಳೋಣ ಅನ್ನೋದು ನಮ್ಮ ವಾದ. ಲೋಡ್ ಒಂದೂವರೆ ಪಟ್ಟಾದರೆ ಮೊದಲು ಯಾವುದು ಮುರಿಯುತ್ತೆ? ಹೆಚ್ಚಿದ್ದು ಹೋಗಿ ನಿಲ್ಲೋಕೆ ಜಾಗ ಎಲ್ಲಿದೆ? ಜಾಗ ಇಲ್ಲದಿದ್ದರೆ ಯಾರಿಗೆ ಅಡ್ಜಸ್ಟ್ ಮಾಡ್ಕೊಳ್ಳಿ ಅಂತೀವಿ? ಮೂರನೆಯದಕ್ಕೆ ಉತ್ತರವಾಗಿ ಒಂದು ಊರಿನ ಹೆಸರೋ, ಒಬ್ಬರ ಕೆಲಸದ ಹೆಸರೋ ಬಂದರೆ ಡ್ರಾಯಿಂಗ್ ಇನ್ನೂ ಮುಗಿದಿಲ್ಲ ಅಂತ ತಿಳೀಬೇಕು. ತುಮರಿಯ ಹೆಸರು ಅರವತ್ತು ವರ್ಷ ಆ ಜಾಗದಲ್ಲಿತ್ತು. ಅದನ್ನು ಅಳಿಸೋದಕ್ಕೆ ಸೇತುವೆ ಮೊದಲ ಹೆಜ್ಜೆ ಮಾತ್ರ. ಬಸ್ಸು, ಡಾಕ್ಟರ್ ಮತ್ತು ಬೇಸಿಗೆಯ ನೀರಿನ ಲೆಕ್ಕ ಇನ್ನೂ ಬಾಕಿ ಇದೆ.