ಇದ್ದಂತೆಯೇ ಕೊಳ್ಳುವ ಮನೆ

ಶೃಂಗೇರಿಯಲ್ಲಾಗಲಿ, ಕೊಪ್ಪ, ನರಸಿಂಹರಾಜಪುರಗಳ ಹಳ್ಳಿಗಳಲ್ಲಾಗಲಿ, ಹಳೆಯ ಹೆಂಚಿನ ಮನೆಯೊಂದನ್ನು ‘ಇದ್ದ ಸ್ಥಿತಿಯಲ್ಲಿಯೇ’ ಮಾರುವೆನೆಂದು ಒಡೆಯನು ಹೇಳಿದಾಗ, ಕೊಳ್ಳುವವನು ಗೆದ್ದಲು ಹಿಡಿದ ತೊಲೆಯನ್ನೂ ಸೋರುವ ಮಾಡನ್ನೂ ನೋಡುವಷ್ಟು ಶ್ರದ್ಧೆಯಿಂದ ಕಾಗದಪತ್ರಗಳನ್ನು ಪರಿಶೀಲಿಸುವುದು ವಿರಳ.

1882ರ ಸ್ವತ್ತು ಹಸ್ತಾಂತರ ಅಧಿನಿಯಮದ 55ನೆಯ ಪ್ರಕರಣವು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾರದ, ಮಾರುವವನಿಗೆ ಮಾತ್ರ ತಿಳಿದಿರುವ ಮಹತ್ತ್ವದ ದೋಷವನ್ನು ತಿಳಿಸುವ ಹೊಣೆಯನ್ನು ಮಾರುವವನ ಮೇಲೆಯೇ ಹೊರಿಸಿ, ಅದನ್ನು ಮುಚ್ಚಿಡುವುದನ್ನು ವಂಚನೆಯೆಂದು ಪರಿಗಣಿಸುತ್ತದೆ. ಆದರೆ ಇದು ವಿರುದ್ಧವಾದ ಕರಾರು ಇಲ್ಲದಿರುವಾಗ ಅನ್ವಯಿಸುವ ನಿಯಮವಾದುದರಿಂದ, ಕ್ರಯಪತ್ರದ ಒಂದೇ ವಾಕ್ಯವು ಆ ರಕ್ಷಣೆಯನ್ನು ಬಹುಮಟ್ಟಿಗೆ ಕುಗ್ಗಿಸಬಲ್ಲುದು. ಕಣ್ಣಿಗೆ ಕಾಣುವ ಬಿರುಕಿನ ವಿಷಯದಲ್ಲಾಗಲಿ, ನೋಂದಣಿಯಾದ ಅಡಮಾನದ ವಿಷಯದಲ್ಲಾಗಲಿ, ತನಗೆ ತಿಳಿದಿರಲಿಲ್ಲವೆಂಬ ವಾದವು ನ್ಯಾಯಾಲಯದಲ್ಲಿ ನಿಲ್ಲುವುದು ದುಸ್ತರ.

ಮಲೆನಾಡಿನಲ್ಲಿ ಗೋಡೆಯ ದೋಷಕ್ಕಿಂತ ನೆಲದ ದೋಷವೇ ಘೋರತರವಾದುದು. ಮನೆ ನಿಂತ ಜಾಗವು ಅರಣ್ಯಕ್ಕೆ ಸೇರಿದ್ದೋ, ಬಗರ್‌ಹುಕುಂ ಅರ್ಜಿ ಇತ್ಯರ್ಥವಾಗದ ಸರ್ಕಾರಿ ಭೂಮಿಯೋ ಆಗಿದ್ದರೆ, ಮಾರುವವನು ತನ್ನಲ್ಲಿಲ್ಲದ ಹಕ್ಕನ್ನು ಕೊಡಲಾರನು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಿದಲ್ಲಿ, 1978ರ ಕರ್ನಾಟಕ ಅಧಿನಿಯಮದಂತೆ ಆ ಕ್ರಯವೇ ಶೂನ್ಯವಾಗುವುದು. ಉಭಯರೂ ಒಪ್ಪಿ ಬರೆದ ಯಾವ ಮಾತೂ ಅದನ್ನು ಸಿಂಧುಗೊಳಿಸದು.

ಆದಕಾರಣ, ಮುಂಗಡ ಕೊಡುವ ಮೊದಲೇ ಋಣಭಾರ ಪತ್ರ, ಮೂಲ ಮಂಜೂರಾತಿ, ಪಹಣಿ, ಪಂಚಾಯಿತಿಯ ಖಾತೆ, ಸರ್ವೆ ನಕ್ಷೆಗಳನ್ನು ವಕೀಲರಿಗೆ ತೋರಿಸಿ, ‘ಇದ್ದ ಸ್ಥಿತಿ’ ಎಂಬ ಷರತ್ತು ಕಟ್ಟಡಕ್ಕೆ ಮಾತ್ರ ಸಲ್ಲತಕ್ಕದ್ದೆಂದೂ, ಹಕ್ಕಿನ ಹೊಣೆಯು ಮಾರುವವನದೇ ಎಂದೂ ಕ್ರಯಪತ್ರದಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಇದಕ್ಕೆ ಒಪ್ಪದ ಒಡೆಯನಿಂದ ಎಷ್ಟು ಅಗ್ಗವಾದರೂ ಮನೆಯನ್ನು ಕೊಳ್ಳದಿರುವುದೇ ಲೇಸು.