ಹಾಡಿಗಾಗಿ ವೈರಿಗೆ ಕತ್ತರಿ: ಹೊಸ ಕಾರು, ಹೊರಗಿನ ಸ್ಟೀರಿಯೋ, ಯಾರ ಹೊಣೆ?

ಕಾಸರಗೋಡು: ಹೊಸ ಕಾರು ಅಂಗಳಕ್ಕೆ ಬಂದು ವಾರ ಕಳೆಯುವುದರೊಳಗೆ ಮತ್ತೆ ಪೇಟೆಗೆ ಹೊರಡುತ್ತದೆ. ಈ ಬಾರಿ ಶೋರೂಮಿಗಲ್ಲ, ಸ್ಟೀರಿಯೋ ಅಂಗಡಿಗೆ. ಮಂಜೇಶ್ವರ, ಉಪ್ಪಳ ಕಡೆಯವರಾದರೆ ತಲಪಾಡಿ ದಾಟಿ ಮಂಗಳೂರಿಗೆ. ಬದಿಯಡ್ಕ, ಮುಳ್ಳೇರಿಯ ಕಡೆಯವರಾದರೆ ಕಾಸರಗೋಡಿಗೆ. ಎರಡು ಮೂರು ಗಂಟೆಯಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿ ಮುಚ್ಚಿ ಆಗುತ್ತದೆ. ದೊಡ್ಡ ಪರದೆ, ನಾಲ್ಕು ಸ್ಪೀಕರ್, ಹಿಂದೊಂದು ಕ್ಯಾಮೆರಾ. ಹಾಡು ಕೇಳುತ್ತದೆ, ಎಲ್ಲರಿಗೂ ಖುಷಿ. ಪರದೆಯ ಹಿಂದೆ ಏನಾಗಿದೆ ಎಂದು ಇಣುಕಿ ನೋಡುವವರು ಮಾತ್ರ ಯಾರೂ ಇಲ್ಲ.

ಈ ಓಟಕ್ಕೆ ಕಾರಣ ಬರೀ ಶೋಕಿಯಲ್ಲ. ಕಾರು ಕಂಪೆನಿಗಳು ಒಂದೇ ಕಾರನ್ನು ನಾಲ್ಕೈದು ದರ್ಜೆಗಳಲ್ಲಿ ಮಾರುತ್ತವೆ. ಕೆಳದರ್ಜೆಯ ಕಾರಿನಲ್ಲಿ ಎಷ್ಟೋ ಬಾರಿ ಸ್ಟೀರಿಯೋ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳ ಮಾತ್ರ. ಪರದೆ ಬೇಕೆಂದರೆ ಅಲಾಯ್ ಚಕ್ರ, ಹೊಳೆಯುವ ದೀಪ, ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಸೌಕರ್ಯ ಎಲ್ಲವನ್ನೂ ಸೇರಿಸಿಯೇ ಕೊಳ್ಳಬೇಕು. ಬೆಲೆ ಲಕ್ಷದ ಲೆಕ್ಕದಲ್ಲಿ ಏರುತ್ತದೆ. ಹೊರಗಿನ ಅಂಗಡಿಯಲ್ಲಿ ಅದೇ ಕೆಲಸ ಸಾವಿರದ ಲೆಕ್ಕದಲ್ಲಿ ಮುಗಿಯುತ್ತದೆ. ಗ್ರಾಹಕ ಜಾಣನಾಗಿಯೇ ಯೋಚಿಸಿದ್ದಾನೆ. ತಪ್ಪುತ್ತಿರುವುದು ಕಾರು ಬದಲಾಗಿರುವುದು ಅವನ ಗಮನಕ್ಕೆ ಬಾರದ ಕಡೆಯಲ್ಲಿ.

ಪೆಟ್ಟಿಗೆ ಇತ್ತು, ಈಗಿಲ್ಲ

ಇಪ್ಪತ್ತು ವರ್ಷದ ಹಿಂದೆ ಸ್ಟೀರಿಯೋ ಎಂದರೆ ಒಂದು ಪೆಟ್ಟಿಗೆ. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಜರ್ಮನಿಯಲ್ಲಿ ಹುಟ್ಟಿದ ಈ ಅಳತೆಗೆ ಡಿನ್ ಎಂದು ಹೆಸರು. ಇದರ ಇಮ್ಮಡಿ ಎತ್ತರದ್ದು ಡಬಲ್ ಡಿನ್. ದುಬಾಯಿಯಿಂದ ತಂದ ಪೆಟ್ಟಿಗೆಯೂ ಮಂಗಳೂರಿನಲ್ಲಿ ಕೊಂಡ ಪೆಟ್ಟಿಗೆಯೂ ಅದೇ ಕಿಂಡಿಯಲ್ಲಿ ಕೂರುತ್ತಿತ್ತು. ಹಳದಿ ವೈರು ಬ್ಯಾಟರಿಯಿಂದ, ಕೆಂಪು ವೈರು ಕೀಲಿಯಿಂದ, ಕಪ್ಪು ವೈರು ಬಾಡಿಗೆ. ಮೂರು ವೈರು ಗೊತ್ತಿದ್ದವನೇ ಮೆಕ್ಯಾನಿಕ್.

ಇಂದಿನ ಅನೇಕ ಕಾರುಗಳಲ್ಲಿ ಆ ಕೆಂಪು ವೈರೇ ಇಲ್ಲ. ಕೀಲಿ ತಿರುಗಿಸಿದ ಸುದ್ದಿ ಸ್ಟೀರಿಯೋಗೆ ಮುಟ್ಟುವುದು ವಿದ್ಯುತ್ತಾಗಿ ಅಲ್ಲ, ಸಂದೇಶವಾಗಿ. ಜರ್ಮನಿಯ ಬಾಷ್ ಕಂಪೆನಿ 1986ರಲ್ಲಿ ಲೋಕದ ಮುಂದಿಟ್ಟ ಕ್ಯಾನ್ ಎಂಬ ವ್ಯವಸ್ಥೆ ಇದು. ಒಂದಕ್ಕೊಂದು ಹೆಣೆದ ಎರಡು ತೆಳು ವೈರುಗಳ ಮೇಲೆ ಎಂಜಿನ್, ಬ್ರೇಕ್, ಬಾಗಿಲು, ದೀಪ, ಎ.ಸಿ. ಎಲ್ಲವೂ ಮಾತಾಡಿಕೊಳ್ಳುತ್ತವೆ. ಸ್ಟೀರಿಂಗ್ ಮೇಲಿನ ವಾಲ್ಯೂಮ್ ಗುಂಡಿ, ಹಿಂದಿನ ಕ್ಯಾಮೆರಾ, ಪಾರ್ಕಿಂಗ್ ಎಚ್ಚರಿಕೆ, ಕೆಲವು ಕಾರುಗಳಲ್ಲಿ ಎ.ಸಿ. ಹೊಂದಾಣಿಕೆ ಕೂಡ ಪರದೆಯ ಮೂಲಕವೇ ನಡೆಯುತ್ತದೆ. ಪರದೆ ತೆಗೆದರೆ ಹಾಡಿನೊಂದಿಗೆ ಇವೂ ಹೋಗುತ್ತವೆ.

ಸ್ಟೀರಿಯೋಗೂ ಬ್ರೇಕಿಗೂ ಏನು ನಂಟು ಎಂದು ಕೇಳುವವರಿಗೆ ಅಮೆರಿಕದ ಒಂದು ಪ್ರಕರಣ ಉತ್ತರ ಕೊಡುತ್ತದೆ. 2015ರಲ್ಲಿ ಇಬ್ಬರು ಸಂಶೋಧಕರು ಜೀಪ್ ಚೆರೋಕಿ ಕಾರಿನ ಮನರಂಜನಾ ಘಟಕದ ಮೂಲಕ ದೂರದಿಂದಲೇ ಒಳಹೊಕ್ಕು ಎಂಜಿನ್, ಬ್ರೇಕಿನ ತನಕ ತಲುಪಿ ತೋರಿಸಿದರು. ಕಂಪೆನಿ 14 ಲಕ್ಷ ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಅದು ಕಂಪೆನಿಯೇ ಕೂರಿಸಿದ ಘಟಕ. ಆದರೂ ಪರದೆಯಿಂದ ಬ್ರೇಕಿಗೆ ದಾರಿ ಇರುತ್ತದೆ ಎಂಬುದು ಅಂದೇ ಸಾಬೀತಾಯಿತು.

ಅಂಗಳದಲ್ಲಿ ಸತ್ತ ಬ್ಯಾಟರಿ

ಈ ಸಂದೇಶವನ್ನು ಓದಿ ಹೊಸ ಸ್ಟೀರಿಯೋಗೆ ತಿಳಿಯುವಂತೆ ಹೇಳುವ ಸಣ್ಣ ಡಬ್ಬಿಯೊಂದು ಪೇಟೆಯಲ್ಲಿ ಸಿಗುತ್ತದೆ. ಅಂಗಡಿಯವರು ಅದನ್ನು ಕ್ಯಾನ್‌ಬಸ್ ಡಬ್ಬಿ ಎನ್ನುತ್ತಾರೆ. ಆಯಾ ಕಾರಿಗೇ ತಕ್ಕ ಡಬ್ಬಿಯೂ, ಕಂಪೆನಿಯ ಕಪ್ಲರಿಗೆ ನೇರ ಕೂರುವ ವೈರಿಂಗೂ ಹಾಕಿದರೆ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಆದರೆ ಅದಕ್ಕೆ ಹೆಚ್ಚಿನ ದುಡ್ಡು. "ಅದು ಬೇಡ, ನಾವು ಕೊಟ್ಟುಕೊಳ್ಳುತ್ತೇವೆ" ಎಂದು ಕತ್ತರಿ ಎತ್ತಿದಲ್ಲಿಂದ ತಾಪತ್ರಯ ಶುರು. ಸಿಗರೇಟ್ ಲೈಟರಿನಿಂದಲೋ ಯಾವಾಗಲೂ ಕರೆಂಟಿರುವ ಇನ್ನಾವುದೋ ವೈರಿನಿಂದಲೋ ಕದ್ದು ಕೊಟ್ಟರೆ ಸ್ಟೀರಿಯೋ ನಡೆಯುತ್ತದೆ. ನಿಲ್ಲುವುದು ಮಾತ್ರ ಯಾವಾಗ ಎಂದು ಹೇಳಲಾಗದು.

ಗಲ್ಫ್‌ನಲ್ಲಿ ದುಡಿಯುವವರ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಯಜಮಾನ ವಿಮಾನ ಹತ್ತಿದ ಮೇಲೆ ಕಾರು ವಾರಗಟ್ಟಲೆ ಅಂಗಳದಲ್ಲೇ ನಿಲ್ಲುತ್ತದೆ. ಬೀಗ ಹಾಕಿದ ಒಳ್ಳೆಯ ಕಾರು ಸಾಮಾನ್ಯವಾಗಿ 50 ಮಿಲಿ ಆಂಪಿಯರಿಗಿಂತ ಕಡಿಮೆ ಕರೆಂಟು ಎಳೆಯುತ್ತದೆ. 45 ಆಂಪಿಯರ್ ಅವರ್ ಬ್ಯಾಟರಿ ಒಂದು ತಿಂಗಳಾದರೂ ತಾಳುತ್ತದೆ. ಮಲಗದ ಸ್ಟೀರಿಯೋ ಅರ್ಧ ಆಂಪಿಯರ್ ಎಳೆಯಿತೆಂದರೆ ಲೆಕ್ಕ 90 ಗಂಟೆ, ಅಂದರೆ ನಾಲ್ಕು ದಿನವೂ ಇಲ್ಲ. ಮನೆಯವರು ಬೈಯುವುದು ಬ್ಯಾಟರಿ ಕಂಪೆನಿಗೆ!

ಫ್ಯೂಸು ಕಾಯುವುದು ಯಾರನ್ನು?

ಬೆಂಕಿಯ ವಿಚಾರ ಬಂದಾಗ ಕಣ್ಣೂರಿನ ನೆನಪಾಗದೆ ಇರದು. 2023ರ ಫೆಬ್ರವರಿ 2ರಂದು ಹೆರಿಗೆಗೆಂದು ಆಸ್ಪತ್ರೆಗೆ ಹೊರಟಿದ್ದ ಕಾರು ಜಿಲ್ಲಾ ಆಸ್ಪತ್ರೆಯ ಸಮೀಪವೇ ಹೊತ್ತಿ ಉರಿದು, ಮುಂದಿನ ಸೀಟಿನಲ್ಲಿದ್ದ ಗರ್ಭಿಣಿ ಮತ್ತು ಆಕೆಯ ಪತಿ ಹೊರಬರಲಾಗದೆ ಪ್ರಾಣ ಬಿಟ್ಟರು. ಹಿಂದೆ ಕುಳಿತವರು ಪಾರಾದರು. ಮೊದಲ ತಪಾಸಣೆಯಲ್ಲಿ ಶಾರ್ಟ್ ಸರ್ಕ್ಯೂಟಿನ ಮಾತು ಬಂದದ್ದೇ ತಡ, ಚರ್ಚೆ ಹೊರಗಿನಿಂದ ಹಾಕಿಸುವ ಕ್ಯಾಮೆರಾ, ಪರದೆಗಳತ್ತ ತಿರುಗಿತು. ಬೇರೆ ವಾದಗಳೂ ಹುಟ್ಟಿಕೊಂಡವು. ಆ ದುರಂತವನ್ನು ಸ್ಟೀರಿಯೋ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಡ್ಯಾಶ್‌ಬೋರ್ಡಿನ ಹಿಂದಿನ ಬೆಸುಗೆಯಿಲ್ಲದ ಜೋಡಣೆ ಬೆಂಕಿಗೆ ಕಾರಣವಾಗಬಲ್ಲದು ಎಂಬುದರಲ್ಲಿ ಸಂಶಯವಿಲ್ಲ.

ವೈರಿನಲ್ಲಿ ಕರೆಂಟು ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಫ್ಯೂಸು ಇರುವುದು ಸ್ಟೀರಿಯೋ ಉಳಿಸಲಿಕ್ಕಲ್ಲ, ವೈರು ಉಳಿಸಲಿಕ್ಕೆ. ಪದೇ ಪದೇ ಹೋಗುತ್ತದೆಂದು 15 ಆಂಪಿಯರ್ ಫ್ಯೂಸಿನ ಜಾಗಕ್ಕೆ 30ರದ್ದು ಹಾಕಿದವನು ಕಾವಲುಗಾರನನ್ನೇ ಮನೆಗೆ ಕಳಿಸಿದಂತೆ. ಆಂಪ್ಲಿಫಯರ್, ಸಬ್‌ವೂಫರ್ ಇದ್ದರಂತೂ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು ಎಳೆಯಬೇಕು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಅದಕ್ಕೆ ಫ್ಯೂಸು ಇರಬೇಕು. 500 ವಾಟ್ಸ್ ನಿಜವಾಗಿಯೂ ಎಳೆದರೆ 12 ವೋಲ್ಟಿನಲ್ಲಿ 40 ಆಂಪಿಯರ್ ದಾಟುತ್ತದೆ. (ಸ್ಟೀರಿಯೋ ಪೆಟ್ಟಿಗೆಯ ಮೇಲಿನ "50 ವಾಟ್ಸ್ x 4" ಎಂಬುದು ಚುನಾವಣಾ ಪ್ರಣಾಳಿಕೆಯ ಜಾತಿಯದ್ದು, ಎಡೆಬಿಡದೆ ಕೊಡುವುದು ಅದರ ಅರ್ಧಕ್ಕಿಂತಲೂ ಕಡಿಮೆ.)

ಕರಾವಳಿಯ ಹವೆಯೂ ಸುಮ್ಮನಿರುವುದಿಲ್ಲ. ಬಿಸಿಲಿಗೆ ನಿಂತ ಕಾರಿನಲ್ಲಿ ಇನ್ಸುಲೇಶನ್ ಟೇಪಿನ ಅಂಟು ಕರಗಿ ಜಾರುತ್ತದೆ. ಮಳೆಗಾಲದ ತೇವ, ಕಡಲಿನ ಉಪ್ಪುಗಾಳಿಗೆ ತಾಮ್ರ ಹಸಿರು ಹಿಡಿಯುತ್ತದೆ. ಹಸಿರು ಹಿಡಿದ ಜೋಡಣೆ ಬಿಸಿಯಾಗುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚದೆ ಕೆಲಸಕ್ಕೆ ಇಳಿಯುವುದು ಮತ್ತೊಂದು ಅಪಾಯ. ಅದೇ ಡ್ಯಾಶ್‌ಬೋರ್ಡಿನೊಳಗೆ ಏರ್‌ಬ್ಯಾಗಿನ ಹಳದಿ ಕಪ್ಲರುಗಳಿರುತ್ತವೆ.

ಕಾನೂನು ನೋಡುವುದು ಹೊರಮೈ

ಕೇರಳದ ಮೋಟಾರು ವಾಹನ ಇಲಾಖೆ ಬದಲಾವಣೆ ಮಾಡಿದ ವಾಹನಗಳ ವಿಷಯದಲ್ಲಿ ಕಠಿಣ ಎಂಬುದು ಗೊತ್ತಿರುವ ಮಾತು. ಕೇರಳದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡುವುದು ನೋಂದಣಿ ಪತ್ರದಲ್ಲಿ ಬರೆದ ವಿವರಗಳನ್ನು. ಬಣ್ಣ, ಸೀಟು, ಎಂಜಿನ್, ಇಂಧನ ಅದರಲ್ಲಿವೆ, ಸ್ಟೀರಿಯೋ ಇಲ್ಲ. ಚಾಲಕ ವೀಡಿಯೋ ನೋಡಬಾರದು, ದಾರಿ ತೋರಿಸುವ ನಕ್ಷೆ ಮಾತ್ರ ಸರಿ ಎಂದು 2017ರ ಚಾಲನಾ ನಿಯಮ ಹೇಳುತ್ತದೆ. ಹ್ಯಾಂಡ್‌ಬ್ರೇಕಿಗೆ ಕೊಡಬೇಕಾದ ವೈರನ್ನು ಬಾಡಿಗೆ ತಾಗಿಸಿ ಅಂಗಡಿಯಲ್ಲೇ ಆ ನಿಯಮವನ್ನು ಮುಗಿಸಿಬಿಡುವುದೂ ಉಂಟು. ಬಣ್ಣ ಬದಲಿಸಿದವನು ರಸ್ತೆಯಲ್ಲಿ ಸಿಕ್ಕಿಬೀಳುತ್ತಾನೆ, ಏರ್‌ಬ್ಯಾಗಿನ ಪಕ್ಕದ ವೈರು ಕತ್ತರಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಲೆಕ್ಕ ಕೊನೆಗೆ ಬರುವುದು ವಾರಂಟಿ ಮತ್ತು ವಿಮೆಯ ಮೇಜಿಗೆ. ಕತ್ತರಿಸಿದ ವೈರು ಕಂಡ ಸರ್ವಿಸ್ ಸೆಂಟರ್ ವಿದ್ಯುತ್ ಭಾಗದ ವಾರಂಟಿ ಇಲ್ಲವೆನ್ನಲು ಹಿಂಜರಿಯದು. ವಿಮೆಯಲ್ಲಿ ಕಂಪೆನಿ ಬೆಲೆಯೊಳಗೆ ಸೇರದ ವಿದ್ಯುತ್ ಉಪಕರಣಗಳಿಗೆ ಪ್ರತ್ಯೇಕ ರಕ್ಷಣೆಯಿದೆ. ದೇಶದ ಮೋಟಾರು ವಿಮಾ ದರಪಟ್ಟಿಯಲ್ಲಿ ಇದಕ್ಕೆ ಐಎಂಟಿ 24 ಎಂದು ಹೆಸರು, ದರ ಉಪಕರಣದ ಮೌಲ್ಯದ ಶೇ. 4. ಅಂದರೆ 20,000 ರೂ. ಸ್ಟೀರಿಯೋಗೆ ವರ್ಷಕ್ಕೆ 800 ರೂ., ಮೇಲೆ ತೆರಿಗೆ. ಪಾಲಿಸಿ ಮಾಡುವಾಗ ಏಜೆಂಟ್ ಕೇಳುವುದಿಲ್ಲ, ಮಾಲೀಕನೂ ಹೇಳುವುದಿಲ್ಲ.

ಹೇಳಹೊರಟರೂ ಬೆಲೆ ತೋರಿಸಲು ಬಿಲ್ ಬೇಕು. ಯಾವ ಕಪ್ಲರ್ ಹಾಕಿದೆ, ಯಾವ ವೈರು ಮುಟ್ಟಿದೆ ಎಂದು ಬರೆದ ಬಿಲ್ಲಾದರೆ ವಾರಂಟಿಯ ತಕರಾರಿನಲ್ಲೂ ಉಪಯೋಗಕ್ಕೆ ಬಂದೀತು. "ಬಿಲ್ ಬೇಡವಾದರೆ ಸ್ವಲ್ಪ ಕಡಿಮೆ ಮಾಡಿ ಕೊಡುವ" ಎಂಬ ಮಾತಿಗೆ ತಲೆಯಾಡಿಸಿ ಬಂದವರ ಕೈಯಲ್ಲಿರುವುದು ಒಂದು ಗ್ಯಾರಂಟಿ ಕಾರ್ಡು. ಅದರಲ್ಲೂ ಅಂಗಡಿಯ ಮೊಹರು ಒತ್ತುವ ಜಾಗ ಖಾಲಿ.