ಮೇಷ್ಟ್ರು ಮತ್ತೆ ವಿದ್ಯಾರ್ಥಿಯಾದಾಗ

ಈಚೆಗೆ ಮದುವೆಯೊಂದರ ನಿಮಿತ್ತ ನಾವು ರಾಯಚೂರಿನಿಂದ ಮಕ್ತಲಕ್ಕೆ ಹೋಗಬೇಕಾಯಿತು. ಮೊದಲಾದರೆ ಬಸ್ಸೇ ಗತಿ. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿಲೋಮೀಟರ್ ಹೊಸ ರೈಲು ಮಾರ್ಗ ಲೋಕಾರ್ಪಣೆಯಾದ ಮೇಲೆ ಮಕ್ತಲವೂ ನಮಗೆ ರೈಲಿನ ಊರಾಗಿದೆ. ಹೊಳೆ ದಾಟಿದೊಡನೆ ತೆಲಂಗಾಣ. ಬೋರ್ಡುಗಳ ಲಿಪಿ ಬದಲಾಗುತ್ತದೆ, ಜನರ ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೇ ಇವೆ. ಇನ್ನು ಗದ್ವಾಲ್, ಆಲಂಪುರ ತಾಲ್ಲೂಕುಗಳು ನಮ್ಮ ಹಿರಿಯರ ಕಾಲದಲ್ಲಿ ರಾಯಚೂರು ಜಿಲ್ಲೆಯವೇ ಆಗಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಂಧ್ರಪ್ರದೇಶಕ್ಕೆ ಸೇರಿದವು. ಸಂಬಂಧಗಳು ಮಾತ್ರ ಯಾವ ವಿಂಗಡಣೆಗೂ ಸಿಕ್ಕಲಿಲ್ಲ. ಅತ್ತಲಿಂದ ಇತ್ತ ಹೆಣ್ಣು ತರುವುದು, ಇತ್ತಲಿಂದ ಅತ್ತ ಕೊಡುವುದು ನಡೆದೇ ಇದೆ.

ನಾವು ತಂಗಿದ್ದು ನಮ್ಮ ಅಣ್ಣನ ಮಗನ ಮನೆಯಲ್ಲಿ. ಅವನು ಆ ಸೀಮೆಯ ಪದವಿ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕ. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ಸಮೀಪಿಸಿದೆ. ಸೇರಿದಾಗ ಕಾಲೇಜು ಉಸ್ಮಾನಿಯಾ ವಿಶ್ವವಿದ್ಯಾಲಯದ ಕೆಳಗಿತ್ತು. 2008ರಲ್ಲಿ ಮಹಬೂಬ್‌ನಗರದಲ್ಲಿ ಪಾಲಮೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂತು.

ಮರುದಿನ ಬೆಳಗಿನ ಐದೂವರೆಗೆ ನಮಗೆ ಎಚ್ಚರವಾದಾಗ ಮಾಳಿಗೆಯ ಮೇಲೆ ಯಾರೋ ಒಬ್ಬರೇ ಮಾತಾಡುವ ಸದ್ದು ಕೇಳಿಸಿತು. ಮಂತ್ರಪಠಣವೇನೋ ಎಂದುಕೊಂಡು ಮೆಟ್ಟಿಲೇರಿದೆವು. ನಮ್ಮ ಹುಡುಗ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಚಾಲುಕ್ಯರ ಬಗ್ಗೆ ಹೇಳುತ್ತಿದ್ದ.

"ಇಷ್ಟ್ ಹೊತ್ತಿಗೆ ಯಾರ ಜೊತಿ ಮಾತಪ್ಪಾ?" ಎಂದು ಕೇಳಿದೆವು.

"ಹೊಲಕ್ಕ ಹೋಗೋರಿಗೆ ಪಾಠ, ಕಾಕಾ. ಈಗ ರೆಕಾರ್ಡ್ ಮಾಡಿ ಕಳಿಸಿದ್ರ ರಾತ್ರಿ ಕೇಳ್ತಾರ" ಎಂದ.

ಮದುವೆಯ ಸುದ್ದಿ ಹಾಗಿರಲಿ, ಈ ತಿಂಗಳು ಅವನ ಸುದ್ದಿಯನ್ನೇ ಬರೆಯಬೇಕೆನಿಸಿತು.

ಕಾಲೇಜು ಮೇಷ್ಟ್ರ ಕೆಲಸವೆಂದರೆ ನಮ್ಮ ಸಮಾಜದಲ್ಲಿ ಒಂದು ನಗೆಯ ಮಾತಿದೆ. ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂರುವ ನಮ್ಮವರಿಗೆ, ದಿನಕ್ಕೆ ಮೂರು ತಾಸು ಪಾಠ ಮಾಡಿ ತಿಂಗಳ ಪಗಾರ ಎಣಿಸುವವರನ್ನು ಕಂಡರೆ ಹಾಗೆನಿಸುವುದು ಸಹಜ. ಯುಜಿಸಿಯ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ಗೊತ್ತುಮಾಡಿದ ನೇರ ಪಾಠ ವಾರಕ್ಕೆ 16 ಗಂಟೆ. ನಗುವವರು ಅಷ್ಟನ್ನೇ ಓದುತ್ತಾರೆ. ವಾರದ ಒಟ್ಟು ಕೆಲಸ 40 ಗಂಟೆಗೆ ಕಡಿಮೆಯಿರಬಾರದೆಂದು ಅದೇ ನಿಯಮ ಹೇಳುತ್ತದೆ. ಉಳಿದ ಗಂಟೆಗಳು ಎಲ್ಲಿ ಹೋಗುತ್ತವೆಂದು ಅವನ ಮೇಜು ನೋಡಿದರೆ ತಿಳಿಯುತ್ತದೆ. ನ್ಯಾಕ್ ತಪಾಸಣೆಯ ಫೈಲು, ವಿದ್ಯಾರ್ಥಿವೇತನದ ಅರ್ಜಿ, ಉತ್ತರ ಪತ್ರಿಕೆಯ ಕಟ್ಟು, ಆನ್‌ಲೈನ್ ಪ್ರವೇಶದಲ್ಲಿ ತಪ್ಪು ಕಾಲೇಜು ಒತ್ತಿದ ಹುಡುಗನ ತಂದೆಯ ಫೋನು. ಭಾನುವಾರವೂ ಬಿಡುವಿಲ್ಲ, ಅಂದು ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರದಲ್ಲಿ ಸಂಪರ್ಕ ತರಗತಿ.

ಆ ಭಾನುವಾರದ ತರಗತಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ದೂರದಿಂದ ಪಾಠ ಹೇಳುವುದು ಕೊರೊನಾ ಕಾಲದಲ್ಲಿ ಹುಟ್ಟಿತೆಂದು ಅನೇಕರು ತಿಳಿದಿದ್ದಾರೆ. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ, 1969ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯ ಅಂಚೆಯ ಮೂಲಕ ಪಾಠ ಕಳಿಸಲಾರಂಭಿಸಿದ್ದವು. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಆದದ್ದು 1982ರಲ್ಲಿ, ಇದೇ ಹೈದರಾಬಾದಿನಲ್ಲಿ. ಅದರ ಮೊದಲ ಕುಲಪತಿ ಪ್ರೊಫೆಸರ್ ಜಿ. ರಾಮರೆಡ್ಡಿಯವರು. 1985ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಕಟ್ಟುವ ಹೊಣೆಯೂ ಅವರ ಹೆಗಲಿಗೇ ಬಂತು. ಹೈದರಾಬಾದಿನ ಆ ವಿಶ್ವವಿದ್ಯಾಲಯಕ್ಕೆ 1991ರಲ್ಲಿ ಡಾ. ಬಿ.ಆರ್. ಅಂಬೇಡ್ಕರರ ಹೆಸರಿಟ್ಟರು. ಶಾಲೆ ಅರ್ಧಕ್ಕೆ ಬಿಟ್ಟವರೂ ಅರ್ಹತಾ ಪರೀಕ್ಷೆ ಬರೆದು ಪದವಿಗೆ ಸೇರಬಹುದೆಂಬ ಬಾಗಿಲನ್ನು ಅದು ತೆರೆದದ್ದು ಸಣ್ಣ ಮಾತಲ್ಲ. ನಾರಾಯಣಪೇಟೆಯ ಮಗ್ಗದ ಮುಂದೆ ಕೂತವನು, ಗದ್ವಾಲಿನಲ್ಲಿ ಹತ್ತಿಯ ಒಡಲಿಗೆ ರೇಷ್ಮೆ ಅಂಚು ಕೂಡಿಸುವವಳು, ಬಸ್ ಕಂಡಕ್ಟರ್, ಅಂಗನವಾಡಿಯ ಅಕ್ಕ, ಇಂಥವರು ಭಾನುವಾರದ ಬೆಂಚಿನ ಮೇಲೆ ಕೂರುತ್ತಾರೆ. ಪುಸ್ತಕ ಮನೆಗೇ ಬಂದಿದ್ದರೂ ಯಾಕೆ ಬರುತ್ತಾರೆ ಎಂದು ನಾವು ಕೇಳಿದ್ದಕ್ಕೆ ಅವನು ಹೇಳಿದ್ದು: "ಕೇಳಾಕ ಬರ್ತಾರ ಕಾಕಾ. ಓದೂದು ಒಬ್ಬರೇ ಓದಬಹುದು, ಕೇಳಬೇಕಂದ್ರ ಇನ್ನೊಬ್ಬರು ಬೇಕಲ್ಲ."

ನಮ್ಮಲ್ಲಿ ಸ್ವಾಧ್ಯಾಯದ ಅಂಗಗಳನ್ನು ಹೇಳುವಾಗ ವಾಚನೆಯ ಬೆನ್ನಿಗೇ ಪೃಚ್ಛನೆಯನ್ನು ಇಟ್ಟಿರುವುದು ನಮಗೆ ಆಗ ನೆನಪಾಯಿತು. ಓದಿದ್ದಾಯಿತು, ಇನ್ನು ಕೇಳು ಎಂದು.

2020ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಬೀಗ ಬಿದ್ದಾಗ ಮುರಿದದ್ದು ಈ ಕೊಂಡಿಯೇ. ತೆಲಂಗಾಣದಲ್ಲಿ ಆ ಶೈಕ್ಷಣಿಕ ವರ್ಷದ ಆನ್‌ಲೈನ್ ಪಾಠಗಳು ಶುರುವಾದದ್ದು ಸೆಪ್ಟೆಂಬರ್ 1ಕ್ಕೆ. ಅಂದು ಅನಂತ ಚತುರ್ದಶಿ, ದಶಲಕ್ಷಣ ಪರ್ವದ ಕೊನೆಯ ದಿನ. ಮನೆಯಲ್ಲಿ ಎಲ್ಲರೂ ಉಪವಾಸ, ಇವನು ಒಳಕೋಣೆಯಲ್ಲಿ ಪುಸ್ತಕಗಳ ರಾಶಿಗೆ ಮೊಬೈಲ್ ಒರಗಿಸಿಕೊಂಡು ಪಾಠಕ್ಕೆ ಕೂತಿದ್ದ. ಪಟ್ಟಿಯಲ್ಲಿ ಅರವತ್ತು ಹೆಸರು, ಪರದೆಯ ಮೇಲೆ ಹನ್ನೊಂದು ಕಪ್ಪು ಚೌಕ. "ಕೇಳಿಸ್ತದಾ?" ಎಂದರೆ ಒಬ್ಬರದೂ ಉತ್ತರವಿಲ್ಲ. "ಗ್ವಾಡಿಗೆ ಪಾಠ ಹೇಳಿದಂಗ ಆತು ಕಾಕಾ. ಗ್ವಾಡಿಯಾದ್ರೂ ಎದುರಿಗೆ ಕಾಣಿಸ್ತದ" ಎಂದು ಅವನು ಈಗ ನಗುತ್ತ ಹೇಳುತ್ತಾನೆ. ಆಗ ನಕ್ಕಿರಲಿಕ್ಕಿಲ್ಲ. ಅವನ ಜೊತೆಯ ಅತಿಥಿ ಉಪನ್ಯಾಸಕರ ಪಾಡಂತೂ ಬೇರೆಯೇ. ಅವರಿಗೆ ತೆಗೆದುಕೊಂಡ ಪಾಠದ ಗಂಟೆಗಿಷ್ಟೆಂದು ಲೆಕ್ಕ. ಪಾಠವಿಲ್ಲದ ತಿಂಗಳು ಒಲೆಯೂ ಸಣ್ಣಗೆ ಉರಿಯಬೇಕು.

ಉಳಿದ ನಲವತ್ತೊಂಬತ್ತು ಮಂದಿ ಎಲ್ಲಿ? ಸಿಗ್ನಲ್ ಇಲ್ಲ, ಮನೆಗೆ ಒಂದೇ ಮೊಬೈಲು ಎಂಬ ಕಾರಣ ಎಲ್ಲ ಊರಿನದು. ಈ ಸೀಮೆಗೆ ಇನ್ನೊಂದು ಕಾರಣವಿತ್ತು. ಗದ್ವಾಲ್ ಸುತ್ತಿನ ಹೊಲಗಳಲ್ಲಿ ಹೈಬ್ರಿಡ್ ಹತ್ತಿಯ ಬೀಜ ಬೆಳೆಯುತ್ತಾರೆ. ಬಟ್ಟೆಗೆ ಬೆಳೆಯುವ ಹತ್ತಿಯಂತಲ್ಲ ಅದು. ಸಂಜೆ ಹೆಣ್ಣು ಸಾಲಿನ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿ ಗಂಡು ಕೇಸರವನ್ನು ಕಿತ್ತಿಡಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಆ ಮೊಗ್ಗಿನ ಕೀಲಕ್ಕೆ ಮುಟ್ಟಿಸಬೇಕು. ಯಂತ್ರ ನಡೆಯದು, ಎಲ್ಲವೂ ಕೈಯ ಕೆಲಸ. ಮಳೆಗಾಲದ ಕೊನೆಯ ಆ ಕೆಲವು ವಾರಗಳಲ್ಲಿ ಸಾವಿರಾರು ಕೈ ಬೇಕು, ಅದರಲ್ಲೂ ಎಳೆಯ ಬೆರಳು. ಹೂವಿಗೆ ಬೆಳಗಿನ ಹೊತ್ತು ಬೇಕು, ಕಾಲೇಜಿನ ವೇಳಾಪಟ್ಟಿಗೂ ಬೆಳಗಿನ ಹೊತ್ತೇ ಬೇಕು. ಕಾಲೇಜು ಮುಚ್ಚಿದ ವರ್ಷ ಯಾವುದು ಗೆಲ್ಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಕಾಣೆಯಾದವರಲ್ಲಿ ಒಬ್ಬಳು ಕೃಷ್ಣಾ ಮಂಡಲದ ಹುಡುಗಿ. ಕನ್ನಡ ಶಾಲೆಯಲ್ಲಿ ಓದಿ, ಇಂಟರ್‌ನಲ್ಲಿ ತೆಲುಗಿಗೆ ಬಂದು, ಪದವಿಯಲ್ಲಿ ಇಂಗ್ಲಿಷ್ ಪಠ್ಯ ಹಿಡಿದವಳು. ಮೂರು ಭಾಷೆಯಲ್ಲಿ ಹೆಜ್ಜೆ ಹೆಜ್ಜೆಗೂ ತಡವರಿಸಿದರೂ ಕೊನೆಯ ಬೆಂಚಿನಿಂದ ಪ್ರಶ್ನೆ ಕೇಳುವುದನ್ನು ಬಿಟ್ಟವಳಲ್ಲ. ತಾಯಿಯ ಜೊತೆ ಬೀಜದ ಹತ್ತಿಗೆ ಹೋಗಿದ್ದಳು.

ಅದೇ ಹಂಗಾಮಿನಲ್ಲಿ ನಮ್ಮ ಹುಡುಗನಿಗೆ ತಾನೇ ವಿದ್ಯಾರ್ಥಿಯಾಗುವ ಯೋಗ ಬಂತು. ಅಧ್ಯಾಪಕರೂ ಓದುತ್ತಿರಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆದಿದ್ದರು. 2015ರಲ್ಲಿ ಅವಕ್ಕೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ, 2023ರಲ್ಲಿ ಮಾಳವೀಯರ ಹೆಸರಿನ ಶಿಕ್ಷಕ ತರಬೇತಿ ಕೇಂದ್ರಗಳೆಂದೂ ಹೆಸರು ಬದಲಾಯಿತು. ಹೆಸರು ಬದಲಿಸುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಆಲಸ್ಯ ಮಾಡಿದ್ದಿಲ್ಲ. ಪುನಶ್ಚೇತನ ಕೋರ್ಸಿಗೆ ಹಿಂದೆ ಹೈದರಾಬಾದಿಗೆ ಹೋಗಿ ಮೂರು ವಾರ ಹಾಸ್ಟೆಲಿನಲ್ಲಿ ಇರಬೇಕಾಗಿತ್ತು. ಉಪನ್ಯಾಸಕ್ಕಿಂತ ಮಧ್ಯಂತರದ ಚಹಾದ ಹೊತ್ತಿನಲ್ಲೇ ಹೆಚ್ಚು ಕಲಿತೆವೆಂದು ಹಿರಿಯ ಅಧ್ಯಾಪಕರು ಹೇಳುವುದನ್ನು ನಾವು ಕೇಳಿದ್ದೇವೆ. ಬಡ್ತಿಗೆ ಆ ಪ್ರಮಾಣಪತ್ರ ಬೇಕು ಎಂಬುದೂ ನಿಜವೇ, ಅದನ್ನು ಮುಚ್ಚಿಡುವುದೇಕೆ? ಆ ವರ್ಷ ಕೋರ್ಸೂ ಪರದೆಯ ಮೇಲೇ ನಡೆಯಿತು.

ಮೊದಲ ದಿನ ಇವನು ಅಂಗಿ ಇಸ್ತ್ರಿ ಮಾಡಿಕೊಂಡು ಕ್ಯಾಮೆರಾ ಮುಂದೆ ಕೂತ. ಎರಡನೇ ದಿನ ಕ್ಯಾಮೆರಾ ಆರಿಸಿದ. ಮೂರನೇ ದಿನ ಯಾರೋ ದೊಡ್ಡ ಪ್ರಾಧ್ಯಾಪಕರು ಮಾತಾಡುತ್ತಿರುವಾಗ ಅಡುಗೆಮನೆಗೆ ಹೋಗಿ ಅವಲಕ್ಕಿ ತಿಂದು ಬಂದ. ಪ್ರಾಧ್ಯಾಪಕರು "ಕೇಳಿಸುತ್ತಿದೆಯೇ?" ಎಂದರು. ಇವನೂ ಸುಮ್ಮನೆ ಕೂತ.

"ಆ ಕ್ಷಣಕ್ಕ ನನಗ ನಾಚಿಕಿ ಬಂತು ಕಾಕಾ. ನಾನೂ ಒಂದು ಕಪ್ಪು ಚೌಕ ಆಗಿದ್ದೆ. ಎರಡು ತಾಸು ಪರದೆ ನೋಡೂದು ನನಗ ಆಗ್ಲಿಲ್ಲ, ಪಗಾರ ತಗಳ್ಳೋನಿಗೆ. ಹೊಲದಾಗ ನಿಂತ ಹುಡುಗಿಗೆ ಹೆಂಗಾಗಬೇಕು?"

ಮರುವಾರದಿಂದ ಅವನು ದಾರಿ ಬದಲಿಸಿದ. ವೇಳಾಪಟ್ಟಿಯ ಪಾಠ ಕಾಗದದ ಲೆಕ್ಕಕ್ಕೆ ನಡೆಯಲಿ ಎಂದು ಬಿಟ್ಟು, ಹತ್ತು ನಿಮಿಷ ಮೀರದ ಮಾತನ್ನು ಬೆಳಗಿನ ಜಾವ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಲು ತೊಡಗಿದ. ಕಡಿಮೆ ಡೇಟಾ ಸಾಕು, ರಾತ್ರಿ ಊಟದ ಮೇಲೆ ಕೇಳಬಹುದು, ಮನೆಯವರಿಗೂ ಕೇಳಿಸುತ್ತದೆ. ಕೊನೆಗೆ ಒಂದೇ ಕರಾರು: ಪ್ರತಿಯೊಬ್ಬರೂ ವಾರಕ್ಕೊಂದು ಪ್ರಶ್ನೆ ಕಳಿಸಬೇಕು. ಉತ್ತರ ಬೇಡ, ಪ್ರಶ್ನೆ. ಕೆಲವರು ತೆಲುಗಿನಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದ ತೆಲುಗಿನಲ್ಲಿ, ಇನ್ನು ಕೆಲವರು ಕನ್ನಡದಲ್ಲಿ ಕಳಿಸಿದರು.

ಪುನಶ್ಚೇತನ ಕೋರ್ಸಿನಿಂದ ಅವನಿಗೆ ನಿಜವಾಗಿ ದಕ್ಕಿದ್ದು ಒಂದು ಬಂಡೆಯ ಸಂಗತಿ. ಮಕ್ತಲಕ್ಕೆ ಬಹುದೂರದಲ್ಲಿ, ತೆಲಂಗಾಣದ ಉತ್ತರದ ಕರೀಂನಗರ ಜಿಲ್ಲೆಯಲ್ಲಿ, ಕುರಿಕ್ಯಾಲದ ಹತ್ತಿರ ಬೊಮ್ಮಲಗುಟ್ಟ ಎಂಬ ಗುಡ್ಡವಿದೆ. ಅಲ್ಲಿಯ ಬಂಡೆಯಲ್ಲಿ ಚಕ್ರೇಶ್ವರಿಯನ್ನೂ ಜಿನಬಿಂಬಗಳನ್ನೂ ಕೆತ್ತಿಸಿ ಶಾಸನ ಬರೆಸಿದವನು ಜಿನವಲ್ಲಭ, ನಮ್ಮ ಆದಿಕವಿ ಪಂಪನ ತಮ್ಮ. ಕಾಲ ಹತ್ತನೆಯ ಶತಮಾನ. ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇದೆ. ಅದರಲ್ಲಿರುವ ಮೂರು ತೆಲುಗು ಕಂದಪದ್ಯಗಳು ಆ ಭಾಷೆಯ ಅತ್ಯಂತ ಹಳೆಯ ಕಂದಗಳಲ್ಲಿ ಸೇರುತ್ತವೆ. ಅರಿಕೇಸರಿಯಿಂದ ಪಂಪನಿಗೆ ಧರ್ಮಪುರದ ಅಗ್ರಹಾರ ಸಿಕ್ಕಿದ್ದನ್ನೂ ಅದು ಹೇಳುತ್ತದೆ. ಹದಿನೈದು ವರ್ಷ ಇತಿಹಾಸ ಬೋಧಿಸಿದ, ಅದರಲ್ಲೂ ಜೈನ ಮನೆಯಲ್ಲಿ ಹುಟ್ಟಿದ ತನಗೆ ಇದು ಗೊತ್ತಿರಲಿಲ್ಲವಲ್ಲ ಎಂದು ಅವನು ಪೇಚಾಡಿಕೊಂಡ. ನಮ್ಮ ಓದುಗರಲ್ಲಿ ಎಷ್ಟು ಜನ ಆ ಗುಡ್ಡ ನೋಡಿದ್ದೀರೋ! ನಾವಂತೂ ನೋಡಿಲ್ಲ.

ಆ ವಾರದ ಹತ್ತು ನಿಮಿಷ ಜಿನವಲ್ಲಭನ ಪಾಲಾಯಿತು. ರಾತ್ರಿ ಒಂಬತ್ತರ ಮೇಲೆ ಕೃಷ್ಣಾ ಮಂಡಲದ ಹುಡುಗಿಯಿಂದ, ವಾರಗಳ ಮೌನದ ನಂತರ, ಕನ್ನಡದಲ್ಲಿ ಪ್ರಶ್ನೆ ಬಂತು: "ಸಾರ್, ಮೂರು ಭಾಷೆ ಯಾಕ ಬರೆಸಿದ? ಗುಡ್ಡದ ಮ್ಯಾಲ ಓದೋರು ಯಾರಿದ್ರು?"

ಅವನಿಗೆ ಉತ್ತರ ಗೊತ್ತಿರಲಿಲ್ಲ. ಹಾಗೆಂದೇ ಬರೆದ. ಸಿಕ್ಕ ಪುಸ್ತಕ ತಿರುವಿದ, ಹೈದರಾಬಾದಿನ ಗೆಳೆಯರಿಗೆ ಫೋನು ಮಾಡಿದ. ಕಾಲೇಜು ತೆರೆದ ಮೇಲೆ ಸರ್ಕಾರದ ಸ್ವಯಂ ಜಾಲದಲ್ಲಿ ಪ್ರಾಚೀನ ಇತಿಹಾಸದ ಒಂದು ಕೋರ್ಸಿಗೆ ಹೆಸರು ಹಚ್ಚಿದ. ಬಡ್ತಿಗೆ ಬೇಕಾದ ಕಾಗದಗಳು ಅಷ್ಟರಲ್ಲಿ ಪೂರೈಸಿದ್ದವು. ಪರೀಕ್ಷೆಗೆ ಹೈದರಾಬಾದಿಗೆ ಹೋದಾಗ ಪಕ್ಕದ ಕುರ್ಚಿಯ ಹುಡುಗ "ಅಂಕುಲ್, ಮಗನನ್ನ ಬಿಡಾಕ ಬಂದೀರೇನು?" ಎಂಬರ್ಥದಲ್ಲಿ ತೆಲುಗಿನಲ್ಲಿ ಕೇಳಿದನಂತೆ. ಇದನ್ನು ಹೇಳುವಾಗ ನಮ್ಮ ಸೊಸೆ ಒಲೆಯ ಮುಂದಿನಿಂದಲೇ ನಕ್ಕಳು.

2021ರ ಫೆಬ್ರವರಿ 1ಕ್ಕೆ ಕಾಲೇಜುಗಳ ಬಾಗಿಲು ತೆರೆಯಿತು. ಅವನ ತರಗತಿಯ ಅರವತ್ತರಲ್ಲಿ ಬಹುಪಾಲು ಮರಳಿದರು. ಗಂಡುಹುಡುಗರಲ್ಲಿ ಒಬ್ಬ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋದವನು ಎರಡು ವರ್ಷದ ಮೇಲೆ ಭಾನುವಾರದ ತರಗತಿಯಲ್ಲಿ ಕಾಣಿಸಿಕೊಂಡ. ಆ ಹುಡುಗಿ ಬರಲಿಲ್ಲ. ಮದುವೆಯಾಗಿತ್ತು. ಇವನು ಒಮ್ಮೆ ಊರಿಗೆ ಹೋಗಿ ತಂದೆಯನ್ನು ಕಂಡು ಮಾತಾಡಿಸಿ ಬಂದ. ಅವರು ಮಜ್ಜಿಗೆ ಕೊಟ್ಟು, "ಆಗೂದು ಆಗ್ಯದ್ರೀ ಸಾರ್" ಎಂದರು.

ಮಾಳಿಗೆಯಿಂದ ಇಳಿಯುವ ಮೊದಲು ನಾವು ಅವನ ಮೊಬೈಲಿನ ಪಟ್ಟಿ ನೋಡಿದೆವು. ಹೊಸ ತಂಡಗಳ ಹೆಸರುಗಳ ನಡುವೆ ಆ ಹಳೆಯ ನಂಬರೂ ಇದೆ, ಅವನು ತೆಗೆದಿಲ್ಲ. ಪ್ರತಿ ವಾರದ ಹತ್ತು ನಿಮಿಷ ಅಲ್ಲಿಗೂ ಹೋಗುತ್ತದೆ. ಕೆಲವು ವಾರ ಹಾಗೇ ಬಿದ್ದಿರುತ್ತದೆ, ಕೆಲವು ವಾರ ಕೇಳಿದ ಗುರುತು ಬೀಳುತ್ತದೆ. ಕೇಳುವವಳು ಅವಳೇನೋ, ಮನೆಯ ಬೇರೆ ಯಾರಾದರೋ ಅವನಿಗೆ ತಿಳಿಯದು. ಪ್ರಶ್ನೆ ಮಾತ್ರ ಇನ್ನೂ ಬಂದಿಲ್ಲ.